ಬ್ಯಾಂಕಿನಿಂದ 60 ದಿನದ ನೋಟಿಸ್ ಬಂದರೆ: ಬೆಳಗಾವಿಯ ಸಣ್ಣ ಉದ್ಯಮಿಗೆ ದಾರಿ

ಉದ್ಯಮಬಾಗದ ಫೌಂಡ್ರಿ ಇರಲಿ, ವಡಗಾವಿಯ ಪವರ್‌ಲೂಮ್ ಇರಲಿ, ಸಾಲ ಕೆಡುವ ರೀತಿ ಹೆಚ್ಚುಕಡಿಮೆ ಒಂದೇ. ಮಾಲು ಕೊಟ್ಟ ಕಡೆಯಿಂದ ದುಡ್ಡು ಬರುವುದಿಲ್ಲ. ಸಿಸಿ ಖಾತೆ (ಕ್ಯಾಶ್ ಕ್ರೆಡಿಟ್, ಅಂದರೆ ವ್ಯಾಪಾರಕ್ಕೆ ಬೇಕಾದಾಗ ಮಿತಿಯೊಳಗೆ ಎತ್ತುವ ಸಾಲ) ಮಿತಿ ಮುಟ್ಟುತ್ತದೆ. ಬ್ಯಾಂಕಿನವರ ಫೋನು ಜಾಸ್ತಿ ಆಗುತ್ತದೆ. ಒಂದು ದಿನ ಪೋಸ್ಟ್‌ಮ್ಯಾನ್ ಸ್ಪೀಡ್ ಪೋಸ್ಟ್ ಲಕೋಟೆ ತರುತ್ತಾನೆ. ಒಳಗೆ 'ಸರ್ಫೇಸಿ ಕಾಯ್ದೆ 2002, ಕಲಂ 13(2)' ಎಂದಿರುತ್ತದೆ. 60 ದಿನದಲ್ಲಿ ಪೂರ್ತಿ ಬಾಕಿ ಕಟ್ಟಿ, ಇಲ್ಲವಾದರೆ ಅಡವಿಟ್ಟ ಆಸ್ತಿ ವಶಕ್ಕೆ ಪಡೆಯುತ್ತೇವೆ ಎಂಬುದು ಅದರ ಸಾರ.

ಇಂಥ ಹೊತ್ತಲ್ಲಿ ಜನ ಸಾಮಾನ್ಯವಾಗಿ ಮೂರರಲ್ಲಿ ಒಂದು ಮಾಡುತ್ತಾರೆ. ಲಕೋಟೆ ತಗೊಳ್ಳದೆ ವಾಪಸ್ ಕಳಿಸುತ್ತಾರೆ. ಇಲ್ಲವೇ ಮ್ಯಾನೇಜರ್ ಹತ್ತಿರ ಹೋಗಿ ಬಾಯಿಮಾತಲ್ಲಿ ಎರಡು ತಿಂಗಳು ಟೈಮ್ ಕೇಳಿ ಬರುತ್ತಾರೆ. ಇಲ್ಲವೇ ಊರಿನ ಸಿವಿಲ್ ಕೋರ್ಟಿಗೆ ಸ್ಟೇ ತರಲು ಓಡುತ್ತಾರೆ. ಮೂರರಲ್ಲೂ ಹೋಗುವುದು ದಿನಗಳೇ. ಈ 60 ದಿನದಲ್ಲಿ ಒಂದು ಪತ್ರದಿಂದ ಆಗುವ ಕೆಲಸಕ್ಕೆ ಮುಂದೆ ಲಕ್ಷ ಲಕ್ಷ ಠೇವಣಿ ಬೇಕಾಗುತ್ತದೆ. ಹಾಗಾಗಿ ಈ ಬರಹದಲ್ಲಿ ಹೆಚ್ಚಿನ ಜಾಗ ಮೊದಲ 60 ದಿನಕ್ಕೇ ಕೊಟ್ಟಿದ್ದೇನೆ.

ಲಕೋಟೆ ತಗೊಳ್ಳಿ, ಬಿಸಾಡಬೇಡಿ

ನೋಟಿಸ್ ಬೇಡ ಎಂದರೆ ನೋಟಿಸ್ ಬಂದಿಲ್ಲ ಅಂತ ಆಗುವುದಿಲ್ಲ. ತಪ್ಪಿಸಿಕೊಳ್ಳುತ್ತಿದ್ದಾರೆ ಎನಿಸಿದರೆ ಬ್ಯಾಂಕ್ ನಿಮ್ಮ ಮನೆ ಅಥವಾ ಅಂಗಡಿಯ ಬಾಗಿಲಿಗೆ ಅದನ್ನು ಅಂಟಿಸಬಹುದು. ಎರಡು ಪತ್ರಿಕೆಗಳಲ್ಲಿ ಹಾಕಿಸಬಹುದು, ಅದರಲ್ಲೊಂದು ಸ್ಥಳೀಯ ಭಾಷೆಯದ್ದು. ಸಹಿ ಮಾಡಿ ತಗೊಂಡಿದ್ದರೆ ನಾಲ್ಕು ಜನಕ್ಕೆ ಗೊತ್ತಾಗದೆ ಇರುತ್ತಿದ್ದ ವಿಷಯ ಹೀಗೆ ಇಡೀ ಊರಿಗೆ ಗೊತ್ತಾಗುತ್ತದೆ.

ಲಕೋಟೆಯನ್ನೂ ಜೋಪಾನ ಮಾಡಿ. ಅಂಚೆ ಮುದ್ರೆಯ ತಾರೀಕು, ಕೈಗೆ ಸಿಕ್ಕ ತಾರೀಕು ಎರಡನ್ನೂ ಅದರ ಮೇಲೇ ಪೆನ್ನಿನಲ್ಲಿ ಬರೆದಿಡಿ. ನೋಟಿಸಿನ ಮೇಲಿನ ತಾರೀಕಿಗೂ ಕೈಗೆ ಬಂದ ತಾರೀಕಿಗೂ ಹಲವು ಸಲ ವಾರಗಟ್ಟಲೆ ಅಂತರ ಇರುತ್ತದೆ. ಮುಂದೆ ದಿನ ಎಣಿಸುವ ಪ್ರಶ್ನೆ ಬಂದಾಗ ಆ ಕವರೇ ನಿಮ್ಮ ಸಾಕ್ಷಿ.

ಸಾಲ ಕೊಟ್ಟವರು ಯಾರು?

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ ಇದನ್ನು ಮೊದಲೇ ಕೇಳಿಕೊಳ್ಳಬೇಕು. ನಮ್ಮಲ್ಲಿ ಸರ್ಕಾರಿ ಬ್ಯಾಂಕು, ಖಾಸಗಿ ಬ್ಯಾಂಕು, ಅರ್ಬನ್ ಸಹಕಾರಿ ಬ್ಯಾಂಕು, ಪತ್ತಿನ ಸಹಕಾರಿ ಸಂಘ, ಸೌಹಾರ್ದ, ಫೈನಾನ್ಸ್ ಕಂಪನಿ ಎಲ್ಲವೂ ಒಂದೇ ಬೀದಿಯಲ್ಲಿ ಇರುತ್ತವೆ. ಜನರ ಬಾಯಲ್ಲಿ ಎಲ್ಲವೂ 'ಬ್ಯಾಂಕ್'. ಕಾನೂನಿನ ಕಣ್ಣಲ್ಲಿ ಹಾಗಿಲ್ಲ.

ಸಹಕಾರಿ ಬ್ಯಾಂಕಿಗೂ ಸರ್ಫೇಸಿ ಅಧಿಕಾರ ಇದೆ. 2020ರ ಮೇ 5ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಇದನ್ನು ಖಚಿತಪಡಿಸಿತು. ಆ ಪ್ರಕರಣದಲ್ಲಿದ್ದದ್ದು ನಿಪ್ಪಾಣಿ ದಾಟಿದರೆ ಸಿಗುವ ಕಾಗಲ್ ತಾಲ್ಲೂಕಿನ ಮುರಗೂಡದ ಸಹಕಾರಿ ಬ್ಯಾಂಕು, ಅಂದರೆ ನಮ್ಮ ನೆರೆಯದ್ದೇ. ಆದರೆ ಪತ್ತಿನ ಸಂಘ ಬ್ಯಾಂಕ್ ಅಲ್ಲ. ಅದು ಈ ಕಾಯ್ದೆಯಡಿ ನೇರವಾಗಿ ಬಂದು ಬೀಗ ಹಾಕುವಂತಿಲ್ಲ. ಅದು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ ಕಲಂ 70ರಡಿ ಸಹಕಾರ ಇಲಾಖೆಯಲ್ಲಿ ದಾವೆ ಹೂಡಿ, ತೀರ್ಪು ಪಡೆದು, ಆಮೇಲೆ ಜಪ್ತಿಗೆ ಬರಬೇಕು. ಸೌಹಾರ್ದಗಳಿಗೆ 1997ರ ಬೇರೆ ಕಾಯ್ದೆ ಇದೆ. ಅಂಥ ಕಡೆಯಿಂದ ಸಮನ್ಸ್ ಬಂದರೆ ಹಾಜರಾಗಿ ತಕರಾರು ಕೊಡಿ. ಈ ಬರಹದ ಉಳಿದ ಭಾಗ ಅವರಿಗೆ ಅನ್ವಯಿಸದು.

ಫೈನಾನ್ಸ್ ಕಂಪನಿಯಾದರೆ ಅದರ ಆಸ್ತಿ 100 ಕೋಟಿ ಇರಬೇಕು, ನಿಮ್ಮ ಸಾಲ 20 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಇಲ್ಲವಾದರೆ ಅವರಿಗೂ ಈ ದಾರಿ ಇಲ್ಲ.

ಅಡವಿಟ್ಟಿದ್ದು ಏನು?

ಸಾಲದ ಮಂಜೂರಾತಿ ಪತ್ರ ತೆಗೆಯಿರಿ. ಅದರಲ್ಲಿ 'ಪ್ರೈಮರಿ', 'ಕೊಲ್ಯಾಟರಲ್' ಎಂದು ಎರಡು ಕಡೆ ಆಸ್ತಿ ಬರೆದಿರುತ್ತಾರೆ. ಯಂತ್ರ, ಸ್ಟಾಕು, ಬರಬೇಕಾದ ಬಾಕಿ ಒಂದು ಕಡೆ. ಮನೆ, ಪ್ಲಾಟು, ಶೆಡ್ಡು ಇನ್ನೊಂದು ಕಡೆ. ನೋಟಿಸಿನಲ್ಲಿ ಬರೆದ ಸರ್ವೆ ನಂಬರು, ಸಿಟಿಎಸ್ (ಸಿಟಿ ಸರ್ವೆ) ನಂಬರು, ಚೆಕ್ಕುಬಂದಿ ನಿಮ್ಮ ಉತಾರದ (ಆಸ್ತಿ ದಾಖಲೆಯ) ಜೊತೆ ತಾಳೆ ಆಗುತ್ತದಾ ನೋಡಿ. ಅಡವಿಡದ ಆಸ್ತಿಯೂ ಪಟ್ಟಿಯಲ್ಲಿ ಸೇರಿಕೊಂಡಿರಬಹುದು.

ಕಲಂ 31 ಕೆಲವು ಸಾಲಗಳನ್ನು ಈ ಕಾಯ್ದೆಯಿಂದ ಹೊರಗಿಡುತ್ತದೆ. 1 ಲಕ್ಷ ರೂಪಾಯಿ ಮೀರದ ಸಾಲ ಹೊರಗೆ. ಅಸಲು ಮತ್ತು ಬಡ್ಡಿಯಲ್ಲಿ 20%ಕ್ಕಿಂತ ಕಡಿಮೆ ಬಾಕಿ ಉಳಿದಿದ್ದರೆ ಅದೂ ಹೊರಗೆ. ಮೂರನೆಯದು ಕೃಷಿ ಜಮೀನು. ನಮ್ಮ ಕಡೆ ಅತಿ ಹೆಚ್ಚು ಜಗಳ ಆಗುವುದು ಇದರ ಮೇಲೆಯೇ.

ವಿನಾಯಿತಿ ಇರುವುದು ಜಮೀನಿಗೆ, ಸಾಲದ ಉದ್ದೇಶಕ್ಕಲ್ಲ. ವ್ಯಾಪಾರದ ಸಾಲಕ್ಕೆ ಕಬ್ಬಿನ ಹೊಲ ಅಡವಿಟ್ಟಿದ್ದರೂ ಆ ಹೊಲವನ್ನು ಸರ್ಫೇಸಿಯಡಿ ಮುಟ್ಟುವಂತಿಲ್ಲ. ಆದರೆ ಉತಾರದಲ್ಲಿ ಹೊಲ ಎಂದಿದ್ದ ಮಾತ್ರಕ್ಕೆ ಸಾಲದು. ಎನ್‌ಎ (ಕೃಷಿಯೇತರ) ಮಾಡಿಸದೆ ಹೊಲದಲ್ಲೇ ಶೆಡ್ ಎಬ್ಬಿಸಿ ಲೇಥ್ ಕೂಡಿಸಿದವರು, ಹೊಲದಲ್ಲೇ ದ್ರಾಕ್ಷಿಯ ಕೋಲ್ಡ್ ಸ್ಟೋರೇಜ್ ಕಟ್ಟಿದವರು ನಮ್ಮಲ್ಲಿ ಕಡಿಮೆ ಇಲ್ಲ. ಜಮೀನು ನಿಜಕ್ಕೂ ಯಾವುದಕ್ಕೆ ಬಳಕೆಯಲ್ಲಿದೆ, ಯಾವ ಉದ್ದೇಶಕ್ಕೆ ಬಿಟ್ಟಿದ್ದು ಎಂದು ನೋಡಬೇಕು ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ನಿಜವಾಗಿಯೂ ಬೆಳೆ ಇದ್ದರೆ ಪಹಣಿಯ ಬೆಳೆ ಕಾಲಂ, ಫ್ಯಾಕ್ಟರಿಗೆ ಕಬ್ಬು ಕಳಿಸಿದ ಚೀಟಿ, ತಾರೀಕು ಇರುವ ಫೋಟೋ ಕೂಡಿಸಿ ಇಡಿ. ಇದರಿಂದ ಸಾಲ ಮನ್ನಾ ಆಗುವುದಿಲ್ಲ ಎಂಬುದು ಮಾತ್ರ ನೆನಪಿರಲಿ. ಬ್ಯಾಂಕ್ ಬೇರೆ ದಾರಿಯಲ್ಲಿ ವಸೂಲಿಗೆ ಬರುತ್ತದೆ.

ಇನ್ನೊಂದು ಚಿಕ್ಕ ಪರಿಶೀಲನೆ. ಅಡಮಾನವನ್ನು ಸೆರ್ಸಾಯಿ ಎಂಬ ಕೇಂದ್ರ ನೋಂದಣಿಯಲ್ಲಿ ದಾಖಲಿಸದೆ ಬ್ಯಾಂಕ್ ಈ ಅಧಿಕಾರ ಚಲಾಯಿಸುವಂತಿಲ್ಲ. 2020ರ ಜನವರಿ 24ರಿಂದ ಈ ನಿಯಮ ಇದೆ. ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ಹುಡುಕಬಹುದು.

ಲೆಕ್ಕ ಬಿಡಿಸಿ ನೋಡಿ

ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ, ಆದ ಮೇಲಷ್ಟೇ 13(2) ನೋಟಿಸ್ ಕೊಡಬಹುದು. ಹಾಗಾಗಿ ಎನ್‌ಪಿಎ ಆದ ತಾರೀಕು ಸರಿ ಇದೆಯಾ ಎಂದು ನೀವೇ ಎಣಿಸಿ. ಕಂತಿನ ಸಾಲದಲ್ಲಿ ಎಣಿಕೆ ಸುಲಭ. ಮಾರ್ಚ್ 31ರ ಕಂತು ಕಟ್ಟದೆ ಹಾಗೇ ಉಳಿದರೆ ಏಪ್ರಿಲ್ 30ಕ್ಕೆ ಎಸ್‌ಎಂಎ-1 (ಕೆಡುವ ಸೂಚನೆ ಕಂಡ ಖಾತೆಯ ಹಂತ), ಮೇ 30ಕ್ಕೆ ಎಸ್‌ಎಂಎ-2, ಜೂನ್ 29ಕ್ಕೆ ಎನ್‌ಪಿಎ. ಒಮ್ಮೆ ಎನ್‌ಪಿಎ ಆದರೆ ಒಂದೆರಡು ಕಂತು ಕಟ್ಟಿದರೆ ಸರಿಹೋಗುವುದಿಲ್ಲ. ಹಿಂಬಾಕಿ ಪೂರ್ತಿ ಕಟ್ಟಬೇಕು.

ಸಿಸಿ ಖಾತೆಯಲ್ಲೇ ಬಹಳ ಜನ ಎಡವುವುದು. ಒಂದು ಉದಾಹರಣೆ ಇಟ್ಟುಕೊಳ್ಳೋಣ. ನಿಮ್ಮ ಮಿತಿ 40 ಲಕ್ಷ. ಖಾತೆಯಲ್ಲಿ 38 ಲಕ್ಷ ಎತ್ತಿದ್ದೀರಿ. ಮಿತಿಯೊಳಗೇ ಇದ್ದೀನಿ ಅಲ್ವಾ ಅನ್ನಿಸುತ್ತದೆ. ಆದರೆ ನೀವು ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ಮಾಲು 20 ಲಕ್ಷ, ಬರಬೇಕಾದ ಬಾಕಿ 20 ಲಕ್ಷ ಇದೆ. 25% ಮಾರ್ಜಿನ್ ಕಳೆದರೆ ಡ್ರಾಯಿಂಗ್ ಪವರ್, ಅಂದರೆ ನೀವು ಎತ್ತಬಹುದಾದ ಮೊತ್ತ, ಬರೀ 30 ಲಕ್ಷ. ಬ್ಯಾಂಕಿನ ಲೆಕ್ಕದಲ್ಲಿ ನೀವು 8 ಲಕ್ಷ ಮೇಲೆ ಹೋಗಿದ್ದೀರಿ. ಹೀಗೆ 90 ದಿನ ಸತತ ಇದ್ದರೆ ಖಾತೆ ಕೆಟ್ಟಂತೆ. 90 ದಿನ ಖಾತೆಗೆ ಜಮೆಯೇ ಬರದಿದ್ದರೆ, ಅಥವಾ ಬಂದ ಜಮೆ ಬಡ್ಡಿಗೂ ಸಾಲದಿದ್ದರೆ ಅದೂ ಹಾಗೇ. ಸ್ಟಾಕ್ ಸ್ಟೇಟ್‌ಮೆಂಟ್ ಮೂರು ತಿಂಗಳಿಗಿಂತ ಹಳೆಯದಾದರೂ ತೊಂದರೆ. ವ್ಯವಹಾರ ಚೆನ್ನಾಗಿ ನಡೆದಿದ್ದರೂ ಆ ಒಂದು ಹಾಳೆ ಕೊಡಲು ಬೇಸರಪಟ್ಟು ಖಾತೆ ಕೆಡಿಸಿಕೊಳ್ಳುವವರಿದ್ದಾರೆ.

ಮೊತ್ತವನ್ನೂ ನೋಡಿ. ಪೂರ್ತಿ ಸ್ಟೇಟ್‌ಮೆಂಟ್ ಕೇಳಿ ತಗೊಂಡು ಅಸಲು, ಬಡ್ಡಿ, ದಂಡ ಬೇರೆ ಬೇರೆ ಮಾಡಿ. ಆರ್‌ಬಿಐ 2023ರ ಆಗಸ್ಟ್‌ನಲ್ಲಿ ಹೊರಡಿಸಿದ ಸೂಚನೆಯಂತೆ ತಪ್ಪಿದ ಕಂತಿಗೆ 'ದಂಡ ಬಡ್ಡಿ' ಹಾಕುವಂತಿಲ್ಲ, ದಂಡ ಶುಲ್ಕ ಮಾತ್ರ ಹಾಕಬಹುದು. ಅದನ್ನು ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಎಣಿಸುವಂತಿಲ್ಲ. ನಗದು ಕಟ್ಟಿದ ಚೀಟಿಗಳಿದ್ದರೆ ಒಂದೊಂದನ್ನೂ ಜಮೆ ಕಾಲಂನಲ್ಲಿ ಹುಡುಕಿ.

ಆಕ್ಷೇಪಣೆ ಬರೆಯಿರಿ

ಇಡೀ ದಾರಿಯಲ್ಲಿ ಮುಖ್ಯ ಹೆಜ್ಜೆ ಇದು. ಕಲಂ 13(3ಎ) ಪ್ರಕಾರ ನೀವು ಲಿಖಿತ ಆಕ್ಷೇಪಣೆ ಕೊಟ್ಟರೆ ಬ್ಯಾಂಕ್ ಅದನ್ನು ಪರಿಶೀಲಿಸಿ, ಒಪ್ಪದಿದ್ದರೆ ಕಾರಣ ಸಮೇತ 15 ದಿನದೊಳಗೆ ಉತ್ತರ ಕೊಡಲೇಬೇಕು. ಉತ್ತರ ಕೊಡದೆ ಮುಂದೆ ಹೋದರೆ ಅದೇ ನಿಮ್ಮ ಕೈಯಲ್ಲಿ ಒಂದು ಗಟ್ಟಿ ತಕರಾರು ಆಗುತ್ತದೆ. ನೀವು ಬರೆಯದೇ ಇದ್ದರೆ ಕೊಡಬೇಕಾದ ಉತ್ತರವೂ ಇಲ್ಲ.

ಪತ್ರ ಶಾಖೆಯ ಮ್ಯಾನೇಜರಿಗಲ್ಲ, ನೋಟಿಸಿಗೆ ಸಹಿ ಮಾಡಿದ ಅಧಿಕೃತ ಅಧಿಕಾರಿಗೆ ಹೋಗಬೇಕು. ಸ್ಪೀಡ್ ಪೋಸ್ಟ್, ಇಮೇಲ್ ಎರಡೂ ಮಾಡಿ. ಕಣ್ಣೀರಿನ ಕತೆ ಬೇಡ. ಹೀಗೆ ಬರೆದರೆ ಸಾಕು:

'ನಿಮ್ಮ ದಿನಾಂಕ ___ರ ನೋಟಿಸ್ ನನಗೆ ದಿನಾಂಕ ___ರಂದು ತಲುಪಿದೆ. ನೋಟಿಸಿನಲ್ಲಿ ತೋರಿಸಿದ ಮೊತ್ತಕ್ಕೆ ನನ್ನ ತಕರಾರಿದೆ. ದಿನಾಂಕ ___ ಮತ್ತು ___ರಂದು ಕಟ್ಟಿದ ಹಣ ಜಮೆ ಆಗಿಲ್ಲ, ಚೀಟಿಗಳ ನಕಲು ಲಗತ್ತಿಸಿದೆ. ಪಟ್ಟಿಯ 2ನೇ ಆಸ್ತಿ ಸಾಗುವಳಿಯಲ್ಲಿರುವ ಕೃಷಿ ಜಮೀನು, ಕಲಂ 31ರಡಿ ಕಾಯ್ದೆಯ ಹೊರಗಿದೆ. ನಮ್ಮದು ಉದ್ಯಮ್ ನೋಂದಣಿ ಇರುವ ಘಟಕ, ಪುನಶ್ಚೇತನ ಯೋಜನೆಯಡಿ ಪರಿಗಣಿಸಲು ಕೋರುತ್ತೇನೆ. ಖಾತೆಯ ಪೂರ್ತಿ ಸ್ಟೇಟ್‌ಮೆಂಟ್ ಕೊಡಿ.'

ನಿಮಗೆ ಅನ್ವಯಿಸುವ ಸಾಲುಗಳನ್ನಷ್ಟೇ ಇಟ್ಟುಕೊಳ್ಳಿ. 'ಇಷ್ಟು ಬಾಕಿ ಇರುವುದು ನಿಜ, ಒಪ್ಪುತ್ತೇನೆ' ಎಂದು ಸುಮ್ನೆ ಬರೆಯಬೇಡಿ. ಸಹಿ ಮಾಡಿ ಬಾಕಿ ಒಪ್ಪಿದರೆ ವಸೂಲಿಗೆ ದಾವೆ ಹೂಡಲು ಬ್ಯಾಂಕಿಗಿರುವ ಕಾಲಮಿತಿ ಅಲ್ಲಿಂದ ಹೊಸದಾಗಿ ಶುರುವಾಗಬಹುದು.

ಉದ್ಯಮ್ ನೋಂದಣಿಯ (ಸಣ್ಣ ಉದ್ಯಮ ಎಂದು ಸರ್ಕಾರದಲ್ಲಿ ಮಾಡಿಸುವ ನೋಂದಣಿ) ಸಾಲು ಯಾಕೆ ಬೇಕು ಅಂದರೆ, ಸಣ್ಣ ಉದ್ಯಮಗಳ ಪುನಶ್ಚೇತನಕ್ಕೆ ಕೇಂದ್ರ ಸರ್ಕಾರ 2015ರ ಮೇ 29ರಂದು ಒಂದು ಚೌಕಟ್ಟು ಹೊರಡಿಸಿತು. 2016ರ ಮಾರ್ಚ್‌ನಲ್ಲಿ ಆರ್‌ಬಿಐ ಅದನ್ನು ವಾಣಿಜ್ಯ ಬ್ಯಾಂಕುಗಳಿಗೆ ಅನ್ವಯಿಸಿತು. 25 ಕೋಟಿವರೆಗಿನ ಸಾಲಕ್ಕೆ ಇದು ಇದೆ. ಬ್ಯಾಂಕಿನ ಸಮಿತಿ ಕೂತು ಕಂತು ಮರುಹೊಂದಿಸಬಹುದಾ ಎಂದು ನೋಡಬೇಕು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟ್ ಇದು ಬ್ಯಾಂಕುಗಳನ್ನು ಕಟ್ಟಿಹಾಕುವ ನಿಯಮ ಎಂದಿತು. ಆದರೆ ಉದ್ಯಮಿಯೂ ಎಚ್ಚರವಾಗಿರಬೇಕು, ಕಾಗದಪತ್ರ ಸಮೇತ ಸಮಯಕ್ಕೆ ಕೇಳಬೇಕು ಎಂದೂ ಹೇಳಿತು. 2025ರ ಜುಲೈನಲ್ಲಿ ಇನ್ನಷ್ಟು ಸ್ಪಷ್ಟವಾಯಿತು. 13(2) ನೋಟಿಸಿಗೆ ಕೊಡುವ ಉತ್ತರದಲ್ಲೇ ಅಫಿಡವಿಟ್ ಸಮೇತ ಇದನ್ನು ಕೇಳಿದರೆ ಬ್ಯಾಂಕ್ ಮುಂದಿನ ಕ್ರಮ ತಡೆಹಿಡಿದು ಅದನ್ನು ನೋಡಬೇಕು. ಹಾಗಾಗಿ ನೋಂದಣಿ ಪ್ರಮಾಣಪತ್ರದ ನಕಲಿನ ಜೊತೆ ಅಫಿಡವಿಟ್ ಲಗತ್ತಿಸಲು ಮರೆಯಬೇಡಿ. ಖಾತೆ ಇನ್ನೂ ಎನ್‌ಪಿಎ ಆಗಿಲ್ಲ, ಎಸ್‌ಎಂಎ ಹಂತದಲ್ಲಿದೆ ಅಂದರೆ ಇವತ್ತೇ ಅರ್ಜಿ ಕೊಡಿ.

ಈ ನಡುವೆ ಮಾಡಬಾರದ್ದು

ಆಸ್ತಿಯನ್ನು ಹೆಂಡತಿ ಹೆಸರಿಗೆ ಬಕ್ಷೀಸ್ ಪತ್ರ ಮಾಡಿಸುವ ಐಡಿಯಾ ಯಾರಾದರೂ ಕೊಟ್ಟೇ ಕೊಡುತ್ತಾರೆ. ಮಾಡಬೇಡಿ. ನೋಟಿಸ್ ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಅಡವಿಟ್ಟ ಆಸ್ತಿ ಮಾರುವುದು, ಬಾಡಿಗೆಗೆ ಕೊಡುವುದು, ಬೇರೆಯವರಿಗೆ ಮಾಡುವುದು ಕಲಂ 13(13)ರ ಪ್ರಕಾರ ನಿಷಿದ್ಧ. ಒಂದು ವರ್ಷದವರೆಗೆ ಜೈಲು ಆಗಬಹುದು. ದಿನದ ವ್ಯಾಪಾರದಲ್ಲಿ ಮಾಲು ಮಾರುವುದಕ್ಕೆ ಮಾತ್ರ ಅಡ್ಡಿ ಇಲ್ಲ.

ಸಿವಿಲ್ ಕೋರ್ಟಿನ ಸ್ಟೇ ಬಗ್ಗೆಯೂ ಅಷ್ಟೇ. ಕಲಂ 34 ಆ ಬಾಗಿಲು ಮುಚ್ಚಿದೆ. ಅಣ್ಣತಮ್ಮಂದಿರಿಂದ ಹಂಚಿಕೆ ದಾವೆ ಹಾಕಿಸುವುದು ನಮ್ಮ ಕಡೆಯ ಹಳೇ ಚಾಳಿ. ಕೋರ್ಟುಗಳಿಗೂ ಅದು ಗೊತ್ತಿದೆ.

ಜಾಮೀನು ಬಿದ್ದವರಿಗೆ

'ಸಾಲ ಅವನದ್ದು, ಮೊದಲು ಅವನನ್ನು ಹಿಡಿಯಿರಿ' ಎನ್ನುವ ಮಾತು ನಡೆಯುವುದಿಲ್ಲ. 1872ರ ಕರಾರು ಕಾಯ್ದೆಯ ಕಲಂ 128ರಂತೆ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಸರ್ಫೇಸಿಯಲ್ಲಿ 'ಸಾಲಗಾರ' ಅಂದರೆ ಜಾಮೀನುದಾರನೂ ಸೇರಿದ. ನೀವು ನಿಮ್ಮ ಮನೆಯನ್ನು ಅಡವಿಟ್ಟು ಜಾಮೀನು ಬಿದ್ದಿದ್ದರೆ ಬ್ಯಾಂಕ್ ಮೊದಲು ನಿಮ್ಮ ಮನೆಗೇ ಬರಬಹುದು. ಬರೀ ಸಹಿ ಹಾಕಿ ಆಸ್ತಿ ಅಡವಿಟ್ಟಿಲ್ಲ ಎಂದಾದರೆ ಈ ಕಾಯ್ದೆಯಡಿ ನಿಮ್ಮ ಮನೆ ವಶಪಡಿಸುವಂತಿಲ್ಲ, ಅದಕ್ಕೆ ನ್ಯಾಯಮಂಡಳಿ ಅಥವಾ ಕೋರ್ಟಿನ ಆದೇಶ ಬೇಕು. ಏನೇ ಇರಲಿ, ನಿಮ್ಮ ಆಕ್ಷೇಪಣೆ ನೀವೇ ಪ್ರತ್ಯೇಕವಾಗಿ ಬರೆಯಿರಿ. ನೀವು ಬಾಕಿ ಕಟ್ಟಿದರೆ ಬ್ಯಾಂಕಿಗಿದ್ದ ಹಕ್ಕು ನಿಮಗೆ ಬರುತ್ತದೆ, ಅಡವಿಟ್ಟ ಕಾಗದಗಳ ಮೇಲಿನ ಹಕ್ಕೂ ಸೇರಿ. ಕಟ್ಟುವಾಗಲೇ ಅದನ್ನು ಬರೆಸಿಕೊಳ್ಳಿ.

60 ದಿನ ಮುಗಿದ ಮೇಲೆ

ಶಟರ್ ಮೇಲೆ ವಶಪಡಿಸಿಕೊಂಡ ನೋಟಿಸ್ ಅಂಟಿಸುತ್ತಾರೆ. ಏಳು ದಿನದೊಳಗೆ ಎರಡು ಪತ್ರಿಕೆಗಳಲ್ಲಿ ಹಾಕುತ್ತಾರೆ. ಬೀಗ ಇನ್ನೂ ನಿಮ್ಮದೇ, ಒಳಗೆ ಕೆಲಸ ನಡೆದಿದೆ. ಇದನ್ನು 'ಸಾಂಕೇತಿಕ ವಶ' ಅನ್ನುತ್ತಾರೆ. ಬರೀ ಕಾಗದ ತಾನೇ ಎಂದು ಕೂತರೆ ಕೆಟ್ಟಿರಿ. ಬೆಂಗಳೂರಿನ ಸಾಲ ವಸೂಲಿ ನ್ಯಾಯಮಂಡಳಿ, ಅಂದರೆ ಡಿಆರ್‌ಟಿಗೆ ಹೋಗಲು ಇರುವ 45 ದಿನ ಅಲ್ಲಿಂದಲೇ ಶುರು. ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ನಿಜವಾಗಿ ಬೀಗ ಹಾಕಿಸಲು ಬ್ಯಾಂಕ್ ಜಿಲ್ಲಾಧಿಕಾರಿ ಅಥವಾ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರ ಬಳಿ ಕಲಂ 14ರಡಿ ಅರ್ಜಿ ಹಾಕುತ್ತದೆ. ಅಲ್ಲಿ ಸಾಮಾನ್ಯವಾಗಿ ನಿಮ್ಮ ವಾದ ಕೇಳುವುದಿಲ್ಲ.

ಡಿಆರ್‌ಟಿ ಅಂದರೆ ರಾಣಿ ಚೆನ್ನಮ್ಮ ರೈಲು ಹತ್ತಬೇಕು ಎಂಬ ಚಿಂತೆ ಬೇಡ, ಅರ್ಜಿ ಆನ್‌ಲೈನ್‌ನಲ್ಲೂ ಹಾಕಬಹುದು. ಶುಲ್ಕವೂ ತೀರಾ ಭಾರ ಅಲ್ಲ. 10 ಲಕ್ಷದವರೆಗೆ ಪ್ರತಿ ಲಕ್ಷಕ್ಕೆ 500 ರೂಪಾಯಿ. ಅದಕ್ಕೂ ಮೇಲೆ 5,000 ಮತ್ತು ಹೆಚ್ಚುವರಿ ಪ್ರತಿ ಲಕ್ಷಕ್ಕೆ 250. 42 ಲಕ್ಷದ ಬಾಕಿಗೆ 13,000 ಆಗುತ್ತದೆ. ಎಷ್ಟೇ ಆದರೂ 1 ಲಕ್ಷ ಮೀರದು. ವಕೀಲರ ಫೀ ಬೇರೆ. ತಡೆ ಕೊಡುವಾಗ ಒಂದಷ್ಟು ಹಣ ಕಟ್ಟಲು ಹೇಳುವುದು ರೂಢಿ, ಅದಕ್ಕೆ ತಯಾರಿರಿ. ಅಲ್ಲಿ ಸೋತರೆ ಚೆನ್ನೈನ ಮೇಲ್ಮನವಿ ಮಂಡಳಿ. ಅಲ್ಲಿ ಬಾಕಿಯ 50% ಠೇವಣಿ ಇಡಬೇಕು, ಕಾರಣ ಒಪ್ಪಿದರೆ 25%ವರೆಗೆ ಇಳಿಸಬಹುದು. ಆಕ್ಷೇಪಣೆ ಪತ್ರದ ಅಂಚೆ ಖರ್ಚಿಗೂ ಇದಕ್ಕೂ ಹೋಲಿಸಿ ನೋಡಿ.

ಹೈಕೋರ್ಟಿಗೆ ರಿಟ್ ಹಾಕಿದರೆ ಆಗದೇ ಎಂದು ಕೇಳುವವರು ಬಹಳ. ಬೆಳಗಾವಿ, ಬಾಗಲಕೋಟೆಯವರಿಗೆ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ ಪೀಠ ಹತ್ತಿರ ಇದೆ ನಿಜ. ಆದರೆ ಡಿಆರ್‌ಟಿ ದಾರಿ ಇರುವಾಗ ಹೈಕೋರ್ಟುಗಳು ಕೈಹಾಕಬಾರದು ಎಂದು ಸುಪ್ರೀಂ ಕೋರ್ಟ್ 2010ರಿಂದ ಮತ್ತೆ ಮತ್ತೆ ಹೇಳುತ್ತಿದೆ. ಅಲ್ಲಿ ಓಡಾಡುವಷ್ಟರಲ್ಲಿ 45 ದಿನ ಕಳೆದುಹೋಗುತ್ತದೆ.

ಹರಾಜಿಗೆ ಮುಂಚೆ

ಮಾರುವ ಮೊದಲು ಬ್ಯಾಂಕ್ ಮೌಲ್ಯಮಾಪನ ಮಾಡಿಸಬೇಕು, ನಿಮಗೆ 30 ದಿನದ ನೋಟಿಸ್ ಕೊಡಬೇಕು. ಮುಂಚೆ ಹರಾಜು ಮುಗಿಯುವವರೆಗೂ ಹಣ ಕಟ್ಟಿ ಆಸ್ತಿ ಬಿಡಿಸಿಕೊಳ್ಳಲು ಅವಕಾಶ ಇತ್ತು. 2016ರ ತಿದ್ದುಪಡಿಯ ನಂತರ ಹಾಗಿಲ್ಲ. ಹರಾಜಿನ ಪ್ರಕಟಣೆ ಹೊರಬೀಳುವ ಮುಂಚೆಯೇ ಪೂರ್ತಿ ಬಾಕಿ, ಖರ್ಚು ಸಮೇತ ಕಟ್ಟಬೇಕು. 2023ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಹರಾಜಿನ ದಿನ ದುಡ್ಡಿನ ಬ್ಯಾಗ್ ಹಿಡಿದು ಹೋದರೂ ಬ್ಯಾಂಕ್ ಬೇಡ ಎನ್ನಬಹುದು.

ಹಾಗಾಗಿ ಮಾರಲೇಬೇಕು ಅನ್ನಿಸಿದರೆ ಗಿರಾಕಿಯನ್ನು ನೀವೇ ಮೊದಲು ಹುಡುಕಿ, ಬ್ಯಾಂಕಿನ ಲಿಖಿತ ಒಪ್ಪಿಗೆ ಪಡೆದು ಮಾರಿ. ಹರಾಜಿನಲ್ಲಿ ಬರುವುದಕ್ಕಿಂತ ಒಳ್ಳೆಯ ಬೆಲೆ ಸಿಗುವ ಸಾಧ್ಯತೆ ಜಾಸ್ತಿ. ಹರಾಜಿನಲ್ಲೇ ಹೋದರೆ ಬಾಕಿ, ಖರ್ಚು ಕಳೆದು ಉಳಿದ ಹಣ ನಿಮಗೆ ಬರಬೇಕು, ಕೇಳಿ ಪಡೆಯಿರಿ. ಕಡಿಮೆ ಬಿದ್ದರೆ ಬ್ಯಾಂಕ್ ಉಳಿದದ್ದಕ್ಕೆ ಮತ್ತೆ ಬೆನ್ನು ಹತ್ತುತ್ತದೆ.

ಓಟಿಎಸ್, ಅಂದರೆ ಒಂದೇ ಸಲಕ್ಕೆ ಕಟ್ಟಿ ಮುಗಿಸುವ ರಾಜಿ, ಯಾವ ಹಂತದಲ್ಲೂ ಕೇಳಬಹುದು. ಅದು ನಿಮ್ಮ ಹಕ್ಕಲ್ಲ, ಬ್ಯಾಂಕಿನ ಇಷ್ಟ. 2021ರಲ್ಲಿ ಸುಪ್ರೀಂ ಕೋರ್ಟ್ ಹಾಗೇ ಹೇಳಿತು. ಒಪ್ಪಿದರೆ ಮಂಜೂರಾತಿ ಪತ್ರ ಕೈಗೆ ಬರುವ ಮುಂಚೆ ದೊಡ್ಡ ಮೊತ್ತ ಕಟ್ಟಬೇಡಿ. ಕೊನೆಯ ಕಂತಿನ ತಾರೀಕು ಒಂದು ದಿನ ತಪ್ಪಿದರೂ ರಾಜಿ ರದ್ದಾಗಿ ಹಳೇ ಬಾಕಿಯೇ ನಿಲ್ಲಬಹುದು. ಸಿಬಿಲ್‌ನಲ್ಲಿ 'ಸೆಟಲ್ಡ್' ಎಂದು ಬಿದ್ದರೆ ಮುಂದಿನ ಸಾಲಕ್ಕೆ ತೊಡಕು ಎಂಬುದನ್ನೂ ಲೆಕ್ಕಕ್ಕೆ ತಗೊಳ್ಳಿ.

ಸಾಲ ತೀರಿದ ಮೇಲೆ

ಬಾಕಿ ಇಲ್ಲದ ಪತ್ರ ತಗೊಂಡು ಮನೆಗೆ ಬಂದರೆ ಕೆಲಸ ಮುಗಿಯುವುದಿಲ್ಲ. ಪೂರ್ತಿ ತೀರಿಸಿದ 30 ದಿನದೊಳಗೆ ಬ್ಯಾಂಕ್ ಮೂಲ ಕಾಗದ ವಾಪಸ್ ಕೊಡಬೇಕು. ತಡವಾದದ್ದು ಬ್ಯಾಂಕಿನ ತಪ್ಪಿನಿಂದಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. 2023ರ ಡಿಸೆಂಬರ್ 1ರಿಂದ ಆರ್‌ಬಿಐನ ಈ ನಿಯಮ ಜಾರಿಯಲ್ಲಿದೆ. ಸೆರ್ಸಾಯಿಯಲ್ಲಿ ಅಡಮಾನ ತೆಗೆಸಿದ್ದಾರಾ ನೋಡಿ. ಉಪನೋಂದಣಿ ಕಚೇರಿಯಲ್ಲಿ ಬಿಡುಗಡೆ ಪತ್ರ ಮಾಡಿಸಿ ಹೊಸ ಇಸಿ (ಋಣಭಾರ ಪತ್ರ) ತೆಗೆಸಿ. ಉತಾರದ ಮೇಲೆ ಬೋಜಾ (ಸಾಲದ ನಮೂದು) ಇದ್ದರೆ ಅದೇ ಪತ್ರದ ನಕಲು ಕೊಟ್ಟು ತೆಗೆಸಿ, ಸಿಟಿ ಸರ್ವೆ ಆಸ್ತಿಯಾದರೆ ಆ ಕಚೇರಿಯಲ್ಲಿ ಬೇರೆಯಾಗಿ ಅರ್ಜಿ ಕೊಡಿ.